ಮಗ್ಗದ ಬಲತುದಿಯ ಹೆಗ್ಗಣ

ಬಿದಿರುಮಕ್ಕಿ ಎಸ್ಟೇಟಿನ ರೈಟರ್ ಶಾಂತವೀರಪ್ಪನವರು ಹೆಗ್ಗಣವಾಗಿ ಆ ಭಾನುವಾರಕ್ಕೆ ಸರಿಯಾಗಿ ನಾಲ್ಕು ತಿಂಗಳಾಗಿತ್ತು.

ಯಾರೂ ಬೇಕೆಂದು ಹೆಗ್ಗಣವಾಗುವುದಿಲ್ಲ. ಐವತ್ತೊಂದು ವರ್ಷದ, ದಪ್ಪ ಕನ್ನಡಕದ, ಏಲಕ್ಕಿ ಜಗಿಯುವುದು ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ ಆ ಮಟ್ಟಕ್ಕೆ ಇಳಿದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ? ಕಾರಣ, ತಂಗಮ್ಮನವರ ಮಗ್ಗ.

ತಂಗಮ್ಮನವರು ಎಸ್ಟೇಟಿನ ಯಜಮಾನ್ತಿ. ಹಿಂದೊಮ್ಮೆ ಸ್ವೀಡನ್ ದೇಶದಲ್ಲಿ ಆರು ತಿಂಗಳಿದ್ದು, ಇಂಗ್ರಿಡ್ ಎಂಬ ಹಿರಿಯ ಹೆಂಗಸಿನಿಂದ ಉಣ್ಣೆಯಲ್ಲಿ ಚಿತ್ರ ನೇಯುವುದನ್ನು ಕಲಿತು ಬಂದಿದ್ದರು. ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರ. ಬಣ್ಣ ಬಳಿಯುವ ಬದಲು ಬಣ್ಣದ ಉಣ್ಣೆಯನ್ನು ಎಳೆ ಎಳೆಯಾಗಿ ಕೂರಿಸುತ್ತಾ ಹೋಗುವುದು. ಮಗ್ಗದ ನಕ್ಷೆಯನ್ನೂ ಅದರ ಖರ್ಚಿನ ಹಣವನ್ನೂ ಇಂಗ್ರಿಡ್ ತಾವೇ ಕಳಿಸಿದರು; ಆ ನಕ್ಷೆ ನೋಡಿ ಆಲ್ದೂರಿನ ಬಡಗಿಯೊಬ್ಬ ಮಗ್ಗ ಮಾಡಿಕೊಟ್ಟ. ನೆಲದ ಮೇಲೆ ನಿಲ್ಲುವ, ಏಳಡಿ ಅಗಲದ, ಕಾಲಲ್ಲಿ ತುಳಿಯುವ ಮಗ್ಗ. ಮಾಡುತ್ತಿರುವುದು ಮಂಚವೋ ತೊಟ್ಟಿಲೋ ಎಂದು ಆ ಬಡಗಿಗೆ ಕೊನೆಯ ಬೆಣೆಯವರೆಗೂ ತೀರ್ಮಾನವಾಗಿರಲಿಲ್ಲ.

ಕಾಫಿ ಗೋಡೌನಿನ ಅಟ್ಟದಲ್ಲಿ ಮಗ್ಗ ನಿಂತಿತು. ಅದರ ಮುಂದೆ ಒಂದೇ ಉದ್ದನೆಯ ಬೆಂಚು, ಪ್ರತಿ ಭಾನುವಾರ ಬೆಂಚಿನ ಮೇಲೆ ಸಾಲಾಗಿ ನಾಲ್ಕು ಜನ. ಎಡತುದಿಯಲ್ಲಿ ಪಕ್ಕದ ಸಣ್ಣ ತೋಟದ ನಂಜಮ್ಮ; ಆಕೆಗೆ ಗುಡ್ಡ ನೇಯುವ ಕೆಲಸ. ಆಮೇಲೆ ಅಂಗನವಾಡಿಯ ಭವ್ಯಾ. ಅವಳಿಗೆ ಆಕಾಶ ಮತ್ತು ಕಾಫಿ ಹೂವು. ಆಮೇಲೆ ಕೂಲಿಯವರ ಲೈನ್‌ಮನೆಯ ಗಿಡ್ಡಮ್ಮ. ಅವಳಿಗೆ ಹಣ್ಣು ತುಂಬಿದ ಕಾಫಿಗಿಡ. ಬಲತುದಿಯಲ್ಲಿ ಕೂರಬೇಕಾಗಿದ್ದ ಜೀಪ್ ಡ್ರೈವರನ ಹೆಂಡತಿ ಬಸುರಿಯಾಗಿ ತವರಿಗೆ ಹೋದಳು. ಅವಳ ಪಾಲಿಗೆ ಬಂದಿದ್ದ, ತೋಟಕ್ಕೆ ನೆರಳು ಕೊಡುವ ಸಿಲ್ವರ್ ಮರ ಅನಾಥವಾಯಿತು.

“ರೈಟರೇ, ನಿಮ್ಮ ಅಕ್ಷರ ದುಂಡಗಿದೆ, ಕೈ ನಡುಗಲ್ಲ. ನೀವೇ ಕೂತ್ಕೊಂಡುಬಿಡಿ,” ಎಂದರು ತಂಗಮ್ಮನವರು.

ಶಾಂತವೀರಪ್ಪನವರು ನಾಚಿಕೊಂಡೇ ಕೂತರು. ಮೊದಲ ಭಾನುವಾರ ಗಿಡ್ಡಮ್ಮ ತನಗೂ ರೈಟರಿಗೂ ನಡುವೆ ಒಂದು ಉಣ್ಣೆಯ ಮೂಟೆ ಇಟ್ಟುಕೊಂಡಿದ್ದಳು. ಎರಡನೇ ವಾರ ಮೂಟೆ ಸಣ್ಣದಾಯಿತು. ಐದನೇ ವಾರ ಅದನ್ನು ತೆಗೆದು ಕಾಲಡಿಗೆ ಹಾಕಿ, “ಇದರಾಚೆಯಿಂದ ನಿಮಗೆ ಕೂಗಿ ಕೂಗಿ ನನ್ನ ಗಂಟ್ಲು ಹೋಯ್ತು ಮಾರಾಯ್ರೆ,” ಎಂದಳು. ಆರನೇ ವಾರ ಅವಳ ಬಾಯಲ್ಲಿ ‘ರೈಟ್ರು’ ಹೋಗಿ ‘ಶಾಂತಣ್ಣ’ ಬಂತು.

ಎಸ್ಟೇಟ್ ರೈಟರ್ ಎಂದರೆ ಏನೆಂದು ಬಲ್ಲವರಿಗಷ್ಟೇ ಗೊತ್ತು. ಹಾಜರಿ ಬರೆಯುವಾಗ ನೂರಾರು ಜನ ಎದುರಿಗೆ ನಿಲ್ಲುತ್ತಾರೆ, ಒಬ್ಬರೂ ಪಕ್ಕದಲ್ಲಿ ಕೂರುವುದಿಲ್ಲ. ಬಂಗಲೆಯಲ್ಲಿ ಜಗಲಿಯ ಮೆಟ್ಟಿಲು ದಾಟಿ ಕುರ್ಚಿ ಸಿಗುವುದಿಲ್ಲ. ಲೈನ್‌ಮನೆ ಕಡೆ ಹೋದರೆ ಆಡುತ್ತಿದ್ದ ಮಾತು ನಿಲ್ಲುತ್ತದೆ. ಶಾಂತವೀರಪ್ಪನವರಿಗೆ ಮದುವೆ ಎರಡು ಸಲ ಹತ್ತಿರ ಬಂದು, ಹೆಣ್ಣಿನ ಕಡೆಯವರು ಜುಲೈ ತಿಂಗಳ ಜಡಿಮಳೆಯಲ್ಲಿ ಮನೆ ನೋಡಲು ಬಂದಿದ್ದರಿಂದ ಎರಡೂ ಸಲ ವಾಪಸು ಹೋಗಿತ್ತು. ಇಪ್ಪತ್ತಾರು ವರ್ಷದಿಂದ ಗೇಟಿನ ಪಕ್ಕದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಒಬ್ಬರೇ ಅನ್ನ ಮಾಡಿಕೊಂಡು, ಒಬ್ಬರೇ ಉಂಡು, ರೇಡಿಯೋದವರು ‘ನಮಸ್ಕಾರ’ ಎಂದರೆ ತಾವೂ ‘ನಮಸ್ಕಾರ’ ಎನ್ನುತ್ತಾ ಬದುಕಿದ್ದರು.

ಅಂಥವರಿಗೆ ಈ ಬೆಂಚು ಸಿಕ್ಕಿತು. ಇಲ್ಲಿ ಎಲ್ಲರ ಭುಜ ಒಂದೇ ಸಾಲಿನಲ್ಲಿ. ತುಳಿಯುವ ಪಟ್ಟಿ ಮಾತ್ರ ನಾಲ್ವರಿಗೂ ಸೇರಿ ಎಡ, ಬಲ ಎಂದು ಒಂದೇ ಜೋಡಿ, ಆದ್ದರಿಂದ ಗಿಡ್ಡಮ್ಮ “ತುಳೀರಿ!” ಅಂದಾಗಲೇ ತುಳಿಯಬೇಕು. ನಡುವೆ ಹನ್ನೊಂದು ಗಂಟೆಗೆ ಕೈಬಿಟ್ಟು, ಯಜಮಾನ, ಆಳು ಎನ್ನದೆ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯಬೇಕು. ಸ್ವೀಡನ್ನಿನಲ್ಲಿ ಅದು ಶಾಸ್ತ್ರವಂತೆ. ಬೇಳೆ ಎಷ್ಟು ಬೆಂದಿತು, ಯಾರ ಹಸು ಕರು ಹಾಕಿತು, ಶಾಂತಣ್ಣನ ಮೂಗಿನ ಮೇಲೆ ಉಣ್ಣೆ ಅಂಟಿದೆ, ಎಲ್ಲವೂ ಅಲ್ಲಿ ಮಾತಾಗುತ್ತಿತ್ತು. ಭಾನುವಾರದ ಆ ಕಾಫಿಗಾಗಿ ಅವರು ಸೋಮವಾರದಿಂದ ಕಾಯುತ್ತಿದ್ದರು.

ಆದರೆ ಚಿತ್ರ ಎಂದಮೇಲೆ ಮುಗಿಯಲೇಬೇಕಲ್ಲ. ಮುಗಿದರೆ ಅಟ್ಟದಲ್ಲಿ ಹೋಂಸ್ಟೇ ಮಾಡುವುದೆಂದು ತಂಗಮ್ಮನವರು ಮೊದಲೇ ಹೇಳಿಬಿಟ್ಟಿದ್ದರು. ಎರಡು ಸಾವಿರದ ನಾಲ್ಕನೇ ಇಸವಿ ಅದು, ಕಾಫಿಗಿಂತ ಕಾಫಿ ನೋಡಲು ಬರುವವರಿಂದಲೇ ಲಾಭ ಎಂಬುದು ಗುಡ್ಡದವರಿಗೆಲ್ಲ ಹೊಸದಾಗಿ ಹೊಳೆದಿತ್ತು.

ಈ ನೇಯ್ಗೆಯಲ್ಲಿ ಒಂದು ನಿಯಮವಿದೆ. ನಾಲ್ವರ ಭಾಗವೂ ಒಂದೇ ಎತ್ತರಕ್ಕೆ ಬರುವ ತನಕ ನೇಯ್ದದ್ದನ್ನು ಸುತ್ತಿ ಮುಂದಕ್ಕೆ ಹೋಗುವಂತಿಲ್ಲ. ಒಬ್ಬ ಹಿಂದೆ ಬಿದ್ದರೆ ಮೂವರೂ ಕಾಯಬೇಕು. ಇದು ತಿಳಿದ ದಿನ ಶಾಂತವೀರಪ್ಪನವರ ತಲೆಯೊಳಗೆ ಹೆಗ್ಗಣ ಹುಟ್ಟಿತು. ಗೋಡೌನಿನ ಬೀಗದ ಕೈ ಅವರ ಸೊಂಟದಲ್ಲೇ ಇತ್ತು. ಭಾನುವಾರ ಬೆಳಿಗ್ಗೆ ಯಾರೂ ಬರುವ ಮೊದಲು ಅಟ್ಟಕ್ಕೆ ಹೋಗಿ, ಹಿಂದಿನ ವಾರ ತಾವೇ ನೇಯ್ದದ್ದರಲ್ಲಿ ನಾಲ್ಕು ಬೆರಳು ಎತ್ತರವನ್ನು ಬಿಚ್ಚಿ, ಉಣ್ಣೆಯನ್ನು ಚೂರು ಚೂರು ಮಾಡಿ ಕೆಳಗೆ ಉದುರಿಸಿ ಬರುವರು. ಹತ್ತು ಗಂಟೆಗೆ ಎಲ್ಲರೊಡನೆ ಮತ್ತೆ ಬಂದು, “ಅಯ್ಯಯ್ಯೋ, ಹೆಗ್ಗಣ ಕಡ್ದಿದೆ ನೋಡಿ!” ಎಂದು ಎಲ್ಲರಿಗಿಂತ ಮೊದಲು ಕೂಗುವರು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಯಾರಿಗೆ ಗೊತ್ತಾಗಬೇಕು?

“ಅದೆಂತಕ್ಕೆ ಶಾಂತಣ್ಣನ ಮರವನ್ನೇ ಕಡಿತದೆ ಈ ಹಾಳು ಹೆಗ್ಗಣ?” ಎಂದು ಗಿಡ್ಡಮ್ಮ ಕೇಳಿದಾಗ, ನಂಜಮ್ಮ ಬಲ್ಲವರಂತೆ, “ಗಂಡಸ್ರ ಕೈ ಬೆವರಿಗೆ ಉಪ್ಪು ಜಾಸ್ತಿ ಕಣೇ,” ಎಂದು ತೀರ್ಪು ಕೊಟ್ಟಿದ್ದರು.

ಹೀಗೆ ನಾಲ್ಕು ತಿಂಗಳು ನಡೆಯಿತು. ಈಗ ಬಂತು ಆ ಭಾನುವಾರ. ಅಂದು ಮೂರು ಗಂಟೆಗೆ ಸ್ವೀಡನ್ನಿನಿಂದ ಇಂಗ್ರಿಡ್ ಬರುವವರಿದ್ದರು. ಚಿತ್ರ ಮುಗಿದಿದ್ದರೆ ಗುರುವಿನ ಕೈಯಿಂದಲೇ ಕತ್ತರಿ ಹಾಕಿಸಿ ಮಗ್ಗದಿಂದ ಇಳಿಸಬೇಕು, ಅದು ಪದ್ಧತಿ. ಸಂಜೆಯೇ ಆಕೆ ಮಂಗಳೂರಿಗೆ ಹೊರಟುಬಿಡುವವರು. ಮತ್ತೆ ಬರುವುದು ಮುಂದಿನ ಫೆಬ್ರವರಿಗೆ. ಉಳಿದ ಮೂವರ ಭಾಗ ಮುಗಿದಿತ್ತು. ಬಾಕಿ ಇದ್ದದ್ದು ಬಲತುದಿಯ ಸಿಲ್ವರ್ ಮರದ ನೆತ್ತಿ ಮಾತ್ರ, ಐದು ಬೆರಳು.

ಶಾಂತವೀರಪ್ಪನವರ ಲೆಕ್ಕ ಸರಳವಾಗಿತ್ತು. ಮೂರು ಗಂಟೆಯ ತನಕ ಆ ಐದು ಬೆರಳು ಮುಗಿಯದಿದ್ದರೆ ಸಾಕು. ಇನ್ನೊಂದು ವರ್ಷ, ಐವತ್ತೆರಡು ಭಾನುವಾರ, ಐವತ್ತೆರಡು ಕಾಫಿ. ಐದನ್ನು ಹತ್ತು ಬೆರಳು ಮಾಡಿಬಿಟ್ಟರೆ ಯಾವ ದೇವರಿಗೂ ಮುಗಿಸಲು ಆಗದು ಎಂದುಕೊಂಡು ಬೆಳಿಗ್ಗೆ ಏಳಕ್ಕೇ ಹಸಿರು ಸ್ವೆಟರ್ ತೊಟ್ಟು ಅಟ್ಟ ಹತ್ತಿದರು.

ಬೆಂಚಿನ ಬಲತುದಿಯಲ್ಲಿ ಕೂತು ಮೊದಲ ಎಳೆಗೆ ಕೈ ಹಾಕಿದರು, ಅಷ್ಟೆ. ಉಣ್ಣೆ ಮೂಟೆಯ ಹಿಂದಿನಿಂದ ಎರಡು ಹಳದಿ ಕಣ್ಣು ಎದ್ದು “ಗುರ್ರ್” ಎಂದವು. ನಂಜಮ್ಮನವರು ಹಿಂದಿನ ಸಂಜೆ ಬಂಗಲೆಯಿಂದ ಬದಲಿ ಬೀಗದ ಕೈ ಇಸಿದುಕೊಂಡು ತಮ್ಮ ಮನೆಯ ಗಡವ ಬೆಕ್ಕನ್ನು ಅಲ್ಲಿ ಬಿಟ್ಟು ಹೋಗಿದ್ದು ಇವರಿಗೆ ಹೇಗೆ ತಿಳಿಯಬೇಕು? ರಾತ್ರಿಯಿಡೀ ಒಂದು ಇಲಿಯೂ ಸಿಗದೆ ಸಿಟ್ಟಿನಲ್ಲಿದ್ದ ಬೆಕ್ಕು ನೇರ ಇವರ ತೊಡೆಯ ಮೇಲೆ ಹಾರಿತು. “ಅಯ್ಯಪ್ಪಾ!” ಎಂದು ಹಿಂದಕ್ಕೆ ವಾಲಿ, ಬೀಳದಿರಲೆಂದು ಬೆಂಚಿನ ಅಡಿಗೆ ಕೈ ಚಾಚಿದರು. ಅಲ್ಲಿ ಗಿಡ್ಡಮ್ಮ ಹಿಂದಿನ ಸಂಜೆಯೇ ಒಣಕೊಬ್ಬರಿ ಚೂರು ಸಿಕ್ಕಿಸಿ ಇಟ್ಟಿದ್ದ ಇಲಿಕತ್ತರಿ ಬಾಯಿ ತೆರೆದು ಕಾಯುತ್ತಿತ್ತು.

ಪಟ್!

ಶಾಂತವೀರಪ್ಪನವರು ಕಿರುಚಿದ್ದು ಲೈನ್‌ಮನೆಯವರೆಗೆ ಕೇಳಿತು. ಗಿಡ್ಡಮ್ಮ ಸೆರಗು ಸಿಕ್ಕಿಸಿಕೊಂಡು, “ಬಿತ್ತು! ಬಿತ್ತು! ಹೆಗ್ಗಣ ಬಿತ್ತು!” ಎಂದು ಕೂಗುತ್ತಲೇ ಮೆಟ್ಟಿಲು ಹತ್ತಿ ಬಂದಳು. ಕೊನೆಯ ದಿನವೆಂದು ಉಳಿದಿಬ್ಬರೂ ಬೇಗ ಬಂದಿದ್ದರಿಂದ ಹಿಂದೆಯೇ ಭವ್ಯಾ ಪೊರಕೆ ಎತ್ತಿಕೊಂಡು, ನಂಜಮ್ಮ ‘ರಾಮ ರಾಮ’ ಎನ್ನುತ್ತಾ ಬಂದರು. ನೋಡಿದರೆ ಬಲಗೈಯ ಎರಡು ಬೆರಳು ಕತ್ತರಿಯಲ್ಲಿ, ಬೆಕ್ಕು ತಲೆಯ ಮೇಲೆ, ರೈಟರು ನೆಲದ ಮೇಲೆ.

“ಅಯ್ಯೋ ಶಾಂತಣ್ಣಾ! ನೀವೆಂತಕ್ಕೆ ಬಂದ್ರಿ ಇಷ್ಟ್ ಬೇಗ?”

“ಹೆಗ್ಗಣ... ಹೆಗ್ಗಣ ಬಿತ್ತಾ ಅಂತ ನೋಡಕ್ಕೆ...”

“ನೋಡಿದ್ರಲ್ಲ, ಬಿದ್ದಿದೆ,” ಎಂದು ಭವ್ಯಾ ಕಿಸಕ್ಕನೆ ನಕ್ಕಳು. ಶಾಂತವೀರಪ್ಪನವರು ಬೆಚ್ಚಿ ಅವಳ ಮುಖ ನೋಡಿದರು. ಆದರೆ ಅವಳು ತಮಾಷೆಗೆ ಅಂದದ್ದು.

ಗಿಡ್ಡಮ್ಮ ಗಾಯಕ್ಕೆ ಒಂದು ಹಿಡಿ ಕಾಫಿಪುಡಿ ಒತ್ತಿ, ಬಟ್ಟೆ ಸುತ್ತಿ ಬೆರಳನ್ನು ಬದನೆಕಾಯಿ ಗಾತ್ರ ಮಾಡಿದಳು. ನೋವಿನಲ್ಲಿ ಕಣ್ಣಿಗೆ ನೀರು ಬಂದಿದ್ದರೂ ಶಾಂತವೀರಪ್ಪನವರ ಮನಸ್ಸಿನಲ್ಲಿ ದೀಪ ಹತ್ತಿತು. ಕಳ್ಳನಿಗೊಂದು ಪಿಳ್ಳೆನೆವ! ಈ ಬೆರಳಿನಲ್ಲಿ ನೇಯುವುದೆಲ್ಲಿ ಬಂತು? ಬಿಚ್ಚುವ ಕಷ್ಟವೂ ಉಳಿಯಿತು.

ತಂಗಮ್ಮನವರು ಬಂದು ನೋಡಿ ಲೊಚಗುಟ್ಟಿದರು. “ಛೇ, ಇವತ್ತೇ ಆಗ್ಬೇಕಾ ಇದು!”

“ಏನ್ ಮಾಡೋದಮ್ಮಾವ್ರೇ, ಹಣೆಬರಹ,” ಎಂದು ಶಾಂತವೀರಪ್ಪನವರು ಆದಷ್ಟು ದುಃಖದ ಮುಖ ಮಾಡಿದರು. “ಮುಂದಿನ ವರ್ಷ ಅವ್ರು ಬಂದಾಗ ಇಳಿಸಿದ್ರಾಯ್ತು. ನಾನು ಒಂದ್ ಭಾನುವಾರಾನೂ ತಪ್ಪಿಸಲ್ಲ.”

ತಂಗಮ್ಮನವರು ನಿಟ್ಟುಸಿರು ಬಿಟ್ಟು, “ಇನ್ನೇನ್ ಮಾಡಕ್ಕಾಗುತ್ತೆ...” ಎಂದರು. ಶಾಂತವೀರಪ್ಪನವರಿಗೆ ಆಗಲೇ ಐವತ್ತೆರಡು ಕಾಫಿಯ ಘಮ ಮೂಗಿಗೆ ಬಡಿಯಿತು.

“ಅದೆಂತದು ಅಮ್ಮಾ ಹಾಗಂತೀರಿ?” ಎಂದು ಗಿಡ್ಡಮ್ಮ ಸೊಂಟಕ್ಕೆ ಕೈಯಿಟ್ಟಳು. “ನಾವು ಮೂರ್ ಜನ ಸತ್ತಿದೀವಾ? ನನ್ ಕತ್ತರಿಗೆ ಸಿಕ್ಕಿ ಶಾಂತಣ್ಣನ ಮರ ನಿಂತೋಯ್ತು ಅಂದ್ರೆ ನನಗೆ ಊಟ ಸೇರ್ತದಾ? ಶಾಂತಣ್ಣ ಸುಮ್ನೆ ಕೂತ್ಕಳ್ಲಿ, ನಾವು ಮುಗಿಸ್ತೀವಿ.”

“ಬೇಡ ಬೇಡ! ಒಬ್ಬರ ಕೈ ಇನ್ನೊಬ್ಬರಿಗೆ ಕೂಡಲ್ಲ,” ಎಂದು ಇವರು ಗಾಬರಿಯಾದರು.

“ಅಂಕಲ್, ನೀವು ಬಾಯಲ್ಲಿ ಹೇಳಿ, ನಾವು ಕೈಯಲ್ಲಿ ನೇಯ್ತೀವಿ,” ಎಂದು ಭವ್ಯಾ ಆಗಲೇ ಬಲತುದಿಗೆ ಜರುಗಿದ್ದಳು.

ಎಂಟು ಗಂಟೆಗೇ ಕೆಲಸ ಶುರುವಾಯಿತು. ಶಾಂತವೀರಪ್ಪನವರು ಬಾಯನ್ನೇ ಆಯುಧ ಮಾಡಿಕೊಂಡರು. “ಇಲ್ಲಿ ಕೆಂಪು ಹಾಕ್ಬೇಕು,” ಎಂದರು.

“ಸಿಲ್ವರ್ ಮರಕ್ಕೆ ಕೆಂಪೆಂತಕ್ಕಪ್ಪ?” ಎಂದರು ನಂಜಮ್ಮ.

“ಚಿಗುರು.”

“ನಮ್ಮ ತೋಟದಲ್ಲಿ ನಾನೂರು ಸಿಲ್ವರ್ ಮರ ಇದಾವೆ ಶಾಂತವೀರಾ. ಒಂದೂ ಕೆಂಪಗೆ ಚಿಗುರಿದ್ದು ನಾ ಕಾಣೆ.” ನಂಜಮ್ಮ ಹಸಿರನ್ನೇ ಹಾಕಿದರು.

ಬಾಯಿ ಸೋತಮೇಲೆ ಕಾಲನ್ನು ನೆಚ್ಚಿಕೊಂಡರು. ತುಳಿಯುವ ಕೆಲಸವನ್ನಾದರೂ ತಮಗೆ ಕೊಡಿ ಎಂದು ಕೇಳಿ, ಎಡಪಟ್ಟಿ ತುಳಿಯಬೇಕಾದಲ್ಲಿ ಬಲಪಟ್ಟಿ ತುಳಿದರು. ಹೀಗೆ ಮಾಡಿದರೆ ಹಾಕಿದ ಎಳೆ ನಿಲ್ಲುವುದಿಲ್ಲ, ತಾನೇ ಕಳಚಿಕೊಂಡು ಬರುತ್ತದೆ. ಎರಡು ಸಲ ನಡೆಯಿತು. ಮೂರನೇ ಸಲ ಗಿಡ್ಡಮ್ಮ ಅವರ ಮೊಣಕಾಲಿಗೆ ಎಳೆ ಕೂರಿಸುವ ಹಣಿಗೆಯಿಂದ ಒಂದು ಕುಟ್ಟಿ, “ಕಾಲಿಗೂ ಕತ್ತರಿ ಬಿತ್ತಾ ಎಂತ? ಏಳಿ ಆಚೆ,” ಎಂದು ಬೆಂಚಿನಿಂದಲೇ ಎಬ್ಬಿಸಿದಳು.

ಹನ್ನೊಂದು ಗಂಟೆ ಹೊಡೆಯಿತು. ಶಾಂತವೀರಪ್ಪನವರು ಆಸೆಯಿಂದ, “ಕಾಫಿ ಹೊತ್ತಾಯ್ತು. ಶಾಸ್ತ್ರ ತಪ್ಪಿಸ್ಬಾರ್ದು,” ಎಂದರು. ಕಾಫಿಗೆ ಕೂತರೆ ಅರ್ಧ ಗಂಟೆಯಾದರೂ ಹೋದೀತು ಎಂಬುದು ಒಂದು. ಕೂರಲೇಬೇಕೆಂಬ ಆಸೆ ಇನ್ನೊಂದು.

“ಇವತ್ತು ಕಾಫಿ ಇಲ್ಲ, ಪಾಫಿ ಇಲ್ಲ. ಮೊದ್ಲು ಮರ,” ಎಂದಳು ಗಿಡ್ಡಮ್ಮ, ಕತ್ತೆತ್ತದೆ.

ಶಾಂತವೀರಪ್ಪನವರು ಕಿಟಕಿಯ ಹತ್ತಿರ ನಿಂತು ಮೂವರ ಬೆನ್ನು ನೋಡಿದರು. ಮೂರೂ ಬೆನ್ನು ಒಂದಕ್ಕೊಂದು ಅಂಟಿಕೊಂಡು ಬಾಗಿದ್ದವು. ತಮಗಾಗಿಯೇ ಬಾಗಿವೆ ಎಂಬುದು ಗೊತ್ತಿತ್ತು. ನಾನು ಬಿಚ್ಚಿದ್ದು ಇವರು ಎದ್ದು ಹೋಗದಿರಲಿ ಎಂದು, ಇವರು ನೇಯುತ್ತಿರುವುದು ನನ್ನ ಮರ್ಯಾದೆ ಉಳಿಯಲಿ ಎಂದು. ಹೇಳಿಬಿಡಲೇ ಎಂದುಕೊಂಡರು. ಹೇಳಿದರೆ ನಾಲ್ಕು ತಿಂಗಳ ಹೆಗ್ಗಣ ಎಂಬ ಹೆಸರು ಚಿಕ್ಕಮಗಳೂರಿನ ತನಕ ಹಬ್ಬೀತು. ಬಾಯಿ ಮುಚ್ಚಿಕೊಂಡರು.

ಕಣ್ಣು ಕೆಳಗೆ ಹೋಯಿತು. ಮರದ ಹಸಿರು ಉಣ್ಣೆಯ ಕೊನೆಯ ಉಂಡೆ ಗಿಡ್ಡಮ್ಮನ ಕಾಲ ಬಳಿ ಬಿದ್ದಿತ್ತು. ಬೆಕ್ಕು ಕಿಟಕಿಯ ದಂಡೆಯ ಮೇಲಿತ್ತು. ಶಾಂತವೀರಪ್ಪನವರು ಆ ಕಡೆ ಈ ಕಡೆ ನೋಡಿ, ಉಂಡೆಯನ್ನು ಕಾಲಿನ ಹೆಬ್ಬೆರಳಿನಲ್ಲಿ ಮೆಲ್ಲಗೆ ಬೆಕ್ಕಿನ ಕಡೆ ನೂಕಿದರು. ಬೆಳಗಿನಿಂದ ಒಂದೂ ಒಳ್ಳೆಯ ಕೆಲಸ ಮಾಡದ ಬೆಕ್ಕು ಈಗ ಮಾಡಿತು. ಉಂಡೆ ಕಚ್ಚಿಕೊಂಡು ಕಿಟಕಿಯಿಂದ ಹಾರಿ, ನೇರ ಹೋಗಿ ಕಾಫಿಹಣ್ಣಿನ ಸಿಪ್ಪೆ ಕೊಳೆಹಾಕುವ ಗುಂಡಿಯಲ್ಲಿ ಅದನ್ನು ಬಿಟ್ಟಿತು. ಎಳೆದು ತೆಗೆದಾಗ ಉಂಡೆಗೆ ಬಣ್ಣವೂ ಇರಲಿಲ್ಲ, ಹತ್ತಿರ ನಿಲ್ಲುವಂಥ ವಾಸನೆಯೂ ಇರಲಿಲ್ಲ.

“ನಿಮ್ ಬೆಕ್ಕಿಗೆ ಬೆಂಕಿ ಹಾಕ!” ಎಂದು ಗಿಡ್ಡಮ್ಮ ನಂಜಮ್ಮನ ಮೇಲೆ ಹಾರಾಡಿದಳು. ಬಾಕಿ ಇದ್ದದ್ದು ಎರಡೇ ಬೆರಳು. ಗಂಟೆ ಒಂದಾಗಿತ್ತು. ಆ ಹಸಿರು ಸುತ್ತಮುತ್ತ ಎಲ್ಲೂ ಸಿಗುವಂಥದ್ದಲ್ಲ.

“ಹೋಗ್ಲಿ ಬಿಡಿ, ದೇವರ ಇಚ್ಛೆ,” ಎಂದರು ಶಾಂತವೀರಪ್ಪನವರು, ಉದಾರವಾಗಿ.

ಭವ್ಯಾ ಅವರನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಎದೆಯ ಕೆಳಗೆ. “ಅಂಕಲ್,” ಎಂದಳು ನಿಧಾನಕ್ಕೆ, “ನಿಮ್ ಸ್ವೆಟರ್ ಕೈಯಲ್ಲಿ ಹೆಣೆದಿದ್ದಲ್ವಾ?”

ಶಾಂತವೀರಪ್ಪನವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಹಿಂದೆ ಗೋಡೆ ಇತ್ತು. “ಇದು ಬೇರೆ ಹಸಿರು...” ಎನ್ನುವಷ್ಟರಲ್ಲಿ ಗಿಡ್ಡಮ್ಮ ತೋಳು ಹಿಡಿದಾಗಿತ್ತು. “ಅದೇ ಹಸಿರು ಮಾರಾಯ್ರೆ! ಎತ್ತಿ ಕೈ!” ಭವ್ಯಾ ಭುಜದ ಹೊಲಿಗೆಗೆ ಕತ್ತರಿ ಆಡಿಸಿ, ಒಂದು ಎಳೆ ಹುಡುಕಿ ಜಗ್ಗಿದಳು. ಬಲತೋಳು ಸರ್ರನೆ ಬಿಚ್ಚಿಕೊಂಡು ಬಂತು. ನಾಲ್ಕು ತಿಂಗಳು ಬಿಚ್ಚಿದವರನ್ನು ಕೊನೆಗೆ ಅವರದೇ ಬಟ್ಟೆಯಲ್ಲಿ ಬಿಚ್ಚಿದ ಹಾಗಾಯಿತು. ಒಂದೇ ತೋಳಿನ ಸ್ವೆಟರಿನಲ್ಲಿ ಅವರು ಪೆಚ್ಚಾಗಿ ನಿಂತರೆ, “ಎಂಥಾ ತ್ಯಾಗ!” ಎಂದು ನಂಜಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಎರಡೂಮುಕ್ಕಾಲಿಗೆ ಮರದ ನೆತ್ತಿ ಮುಗಿಯಿತು.

ಮೂರಕ್ಕೆ ಜೀಪು ಬಂತು. ಇಂಗ್ರಿಡ್ ಎಪ್ಪತ್ತು ದಾಟಿದ, ಕಡ್ಡಿಯಂಥ, ನೆಟ್ಟಗಿನ ಹೆಂಗಸು. “ಇಂಗ್ರಿಡ್ಡಮ್ಮ ಬಂದ್ರು,” ಎಂದು ಗಿಡ್ಡಮ್ಮ ತನ್ನ ಅಕ್ಕನೋ ಎಂಬಂತೆ ಹೇಳಿದಳು. ಆಕೆ ಆಡುವ ಇಂಗ್ಲಿಷನ್ನು ತಂಗಮ್ಮನವರು ಕನ್ನಡದಲ್ಲಿ ಹೇಳುತ್ತಾ ಹೋದರು. ಇಂಗ್ರಿಡ್ ಕತ್ತರಿ ತೆಗೆದುಕೊಂಡು ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ಹಾಸಿನ ದಾರಗಳನ್ನು ಎಡತುದಿಯಿಂದ ಕಚಕ್ ಕಚಕ್ ಎಂದು ಕತ್ತರಿಸಿದರು. ಒಂದೊಂದು ಕಚಕ್ಕಿಗೂ ಶಾಂತವೀರಪ್ಪನವರಿಗೆ ಒಂದೊಂದು ಭಾನುವಾರ ಬಿದ್ದುಹೋದಂತಾಯಿತು.

ಈ ನೇಯ್ಗೆಯಲ್ಲಿ ನೇಯುವವರಿಗೆ ಕಾಣುವುದು ಯಾವಾಗಲೂ ಹಿಂಬದಿ. ಮುಂಬದಿ ಹೇಗಿದೆಯೆಂದು ಇಳಿಸಿ ತಿರುಗಿಸಿದಾಗಲೇ ತಿಳಿಯುವುದು. ತಿರುಗಿಸಿದರು. ಗುಡ್ಡ, ಆಕಾಶ, ಬೆಳ್ಳಗೆ ಅರಳಿದ ಹೂವು, ಕೆಂಪು ಹಣ್ಣು, ಅದರ ಪಕ್ಕ ನೆಟ್ಟಗೆ ನಿಂತ ಸಿಲ್ವರ್ ಮರ. ಗಿಡ್ಡಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಇದು ನಾವು ಮಾಡಿದ್ದಾ?” ಎಂದಳು, ನಂಬಿಕೆಯಿಲ್ಲದೆ. ತಾವು ಅಳುತ್ತಿದ್ದೇವೆಂದು ಶಾಂತವೀರಪ್ಪನವರಿಗೆ ಕನ್ನಡಕ ಮಂಜಾದಾಗ ಗೊತ್ತಾಯಿತು.

ಇಂಗ್ರಿಡ್ ಮಾತ್ರ ಸಿಲ್ವರ್ ಮರದ ತುದಿಗೆ ಬಂದು ನಿಂತರು. ಅಲ್ಲಿನ ಹಾಸಿನ ದಾರದ ತುದಿಗಳನ್ನು ಬೆರಳಲ್ಲಿ ಹೊಸೆದು ನೋಡಿದರು. ಗುಡ್ಡದ ತುದಿಗೆ ಹೋಗಿ ಅಲ್ಲಿನ ದಾರ ಮುಟ್ಟಿದರು, ಮತ್ತೆ ಮರದ ಕಡೆ ಬಂದರು. ಮರದ ಕಡೆಯ ದಾರ ಸವೆದು, ನವಿರೆದ್ದು, ಹಳೆಯ ಹಲ್ಲುಜ್ಜುವ ಬ್ರಷ್ಷಿನ ಹಾಗಾಗಿತ್ತು. ಏನೋ ಕೇಳಿದರು. ತಂಗಮ್ಮನವರು ಹೆಗ್ಗಣದ ಕಥೆ ಹೇಳಿದರೆ ಅಲ್ಲವೆಂದು ತಲೆಯಾಡಿಸಿದರು.

ತಂಗಮ್ಮನವರು ತಿರುಗಿದರು. “ಈ ಕಡೆಯದನ್ನ ಯಾರೋ ಹತ್ತಾರು ಸಲ ಕೈಯಲ್ಲಿ ಬಿಚ್ಚಿ ಬಿಚ್ಚಿ ನೇಯ್ದಿದಾರೆ ಅಂತಾರೆ. ಇಲಿ ಕಡಿದ್ರೆ ದಾರ ಹೀಗೆ ಸವೆಯಲ್ವಂತೆ. ಯಾರು ರೈಟರೇ?”

ಗಿಡ್ಡಮ್ಮ ಮಗ್ಗ ನೋಡಿದಳು, ಅವರ ಬೆರಳಿನ ಬದನೆಕಾಯಿ ನೋಡಿದಳು, ಸೊಂಟದ ಬೀಗದ ಕೈ ನೋಡಿದಳು. “ಅಂದ್ರೆ... ಹೆಗ್ಗಣ ನೀವಾ ಶಾಂತಣ್ಣ?”

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಶಾಂತವೀರಪ್ಪನವರು ತಲೆ ತಗ್ಗಿಸಿದರು. “ಹೌದು. ನಾನೇ. ಯಾಕೆ ಅಂದ್ರೆ...” ಇನ್ನೊಂದು ಉಸಿರಿನಲ್ಲಿ ಎಲ್ಲವೂ ಹೊರಬರುವುದಿತ್ತು. ಮನೆಯಲ್ಲಿ ಯಾರೂ ಇಲ್ಲ, ನಿಮ್ಮ ಪಕ್ಕ ಕೂರಬೇಕಿತ್ತು, ಅಷ್ಟೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆದರೆ ಇಂಗ್ರಿಡ್ ಅಷ್ಟರಲ್ಲಿ ಅವರ ಎರಡೂ ಕೈ ಹಿಡಿದುಕೊಂಡಿದ್ದರು. ಆ ಮುದುಕಿಯ ಕಣ್ಣು ಹೊಳೆಯುತ್ತಿತ್ತು. ತಂಗಮ್ಮನವರು ಆಕೆಯ ಮಾತನ್ನು ಕನ್ನಡ ಮಾಡಿದರು. “ಐವತ್ತು ವರ್ಷದಲ್ಲಿ ಇಂಥ ಶಿಷ್ಯನ್ನ ಅವ್ರು ನೋಡಿಲ್ವಂತೆ ರೈಟರೇ! ನೇಯೋಕೆ ಯಾರು ಬೇಕಾದ್ರೂ ಕಲೀತಾರಂತೆ. ತಪ್ಪು ಕಂಡ್ರೆ ಮನಸ್ಸು ತಡೀದೆ ಬಿಚ್ಚಿ ಮತ್ತೆ ನೇಯೋನು, ಅದೂ ಯಾರಿಗೂ ಹೇಳ್ಕೊಳ್ದೆ, ಇಲಿ ಮೇಲೆ ಹಾಕಿ... ಅವನೇ ನಿಜವಾದ ಕಲಾವಿದ ಅಂತಾರೆ!”

ಭವ್ಯಾ ಚಪ್ಪಾಳೆ ತಟ್ಟಿದಳು. ನಂಜಮ್ಮ ದೂರದಿಂದಲೇ ಕೈಮುಗಿದರು.

ಈಗ ಶಾಂತವೀರಪ್ಪನವರ ಮುಂದೆ ಎರಡು ದಾರಿ. ಒಂದರಲ್ಲಿ ಹೆಗ್ಗಣ, ಇನ್ನೊಂದರಲ್ಲಿ ಕಲಾವಿದ. ಐವತ್ತೊಂದು ವರ್ಷದಲ್ಲಿ ಅವರನ್ನು ಯಾರೂ ಹೊಗಳಿರಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಅವರೂ ಅದನ್ನೇ ಮಾಡಿದರು.

“ಹೂಂ,” ಎಂದರು, ಗಂಟಲು ಸರಿಮಾಡಿಕೊಂಡು. “ಒಂದೆಳೆ ಆಚೀಚೆ ಆದ್ರೂ ನನಗೆ ನಿದ್ದೆ ಬರಲ್ಲ.”

ಇಂಗ್ರಿಡ್ ಮಗ್ಗದ ಮೇಲೆ ಕೈಯಿಟ್ಟು ಇನ್ನೊಂದು ಮಾತು ಹೇಳಿದರು. ತಂಗಮ್ಮನವರು ಹಿಗ್ಗಿ ಹೀರೇಕಾಯಿಯಾದರು. “ರೈಟರೇ, ಮಗ್ಗ ಅವರದ್ದು, ಗೊತ್ತಲ್ಲ. ನಿಮ್ಮ ನಾಲ್ಕು ಜನರಲ್ಲಿ ಒಬ್ಬರಿಗೆ ಅದನ್ನ ಬಿಟ್ಟುಹೋಗ್ಬೇಕು ಅಂತಲೇ ಬಂದಿದ್ರಂತೆ. ನಿಮಗೇ ಕೊಟ್ಟಿದಾರೆ! ಬೆಂಚು ಸಮೇತ! ಮನೇಲಿ ಹಾಕ್ಕೊಂಡು ನೆಮ್ಮದಿಯಾಗಿ, ಒಬ್ಬರೇ ನೇಯ್ಬೇಕಂತೆ.”

ಶಾಂತವೀರಪ್ಪನವರು ಬೆಂಚಿನ ತುದಿ ಹಿಡಿದುಕೊಂಡರು. “ಒಬ್ಬನೇನಾ? ಬೇಡಮ್ಮಾ, ಇಲ್ಲೇ ಇರ್ಲಿ. ನಾಲ್ಕೂ ಜನ ಕೂತು ಇನ್ನೊಂದು ಚಿತ್ರ...”

“ಇಲ್ಲಿ ನಾಳೆ ಮಂಚ ಬರ್ತಾವೆ ರೈಟರೇ, ಆಗ್ಲೇ ಹೋಂಸ್ಟೇಗೆ ಬುಕಿಂಗ್ ಆಗಿದೆ. ಮತ್ತೆ ನೀವು ಮೂರು ಜನ, ಕೇಳಿ: ಇಂಥೋರಿಗೆ ಏಕಾಂತ ಬೇಕು ಅಂತಾರೆ ಇವರು. ಪಕ್ಕದಲ್ಲಿ ಕೂತು ವಟವಟ ಅಂದ್ರೆ ಕೈ ಕೆಡುತ್ತಂತೆ. ನೀವು ಪಕ್ಕದಲ್ಲಿದ್ದಿದ್ದಕ್ಕೇ ಪಾಪ ಇವರು ಅಷ್ಟು ಸಲ ಬಿಚ್ಚಬೇಕಾಯ್ತೇನೋ.”

ಗಿಡ್ಡಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ತಪ್ಪಾಯ್ತು. ನಮಗೆ ಗೊತ್ತಾಗ್ಲಿಲ್ಲ. ಮೊಣಕಾಲಿಗೆ ಬೇರೆ ಹೊಡ್ದೆ ನಾನು. ಇನ್ಮೇಲೆ ನಿಮ್ ತಂಟೆಗೆ ಬರಲ್ಲ ಮೇಷ್ಟ್ರೇ.”

ಆ ‘ಮೇಷ್ಟ್ರೇ’ ಎಂಬುದು ಬೆಳಗಿನ ಇಲಿಕತ್ತರಿಗಿಂತ ಜೋರಾಗಿ ಕಚ್ಚಿತು.

ಸ್ವೀಡನ್ನಿನ ಮಗ್ಗಕ್ಕೆ ಒಂದು ಕೆಟ್ಟ ಗುಣ. ಅದು ಪೂರ್ತಿ ಬೆಣೆಯ ಮೇಲೆ ನಿಂತಿರುತ್ತದೆ, ನಾಲ್ಕು ಬೆಣೆ ಬಡಿದರೆ ಬಿಚ್ಚಿ ಬರುತ್ತದೆ, ನಾಲ್ಕು ಬೆಣೆ ಬಡಿದರೆ ಮತ್ತೆ ನಿಲ್ಲುತ್ತದೆ. ಐದು ಗಂಟೆಗೆ ಇಂಗ್ರಿಡ್ ತಮ್ಮೂರಿನವರಿಗೆ ತೋರಿಸಲೆಂದು ಚಿತ್ರವನ್ನು ಸುತ್ತಿಕೊಂಡು ಮಂಗಳೂರಿಗೆ ಹೊರಟರು. ಅದರಲ್ಲಿ ಶಾಂತವೀರಪ್ಪನವರ ಒಂದು ತೋಳೂ ಹೋಯಿತು. ಐದೂವರೆಗೆ ಎಂಟು ಜನ ಆಳುಗಳು ಮಗ್ಗವನ್ನು ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ನಿಲ್ಲಿಸಿಯೂ ಆಗಿತ್ತು. ಅದು ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು. ಇದ್ದ ಎರಡು ಕುರ್ಚಿಯನ್ನು ಹೊರಗೆ ಸೌದೆ ಗುಡಿಸಲಿಗೆ ಹಾಕಬೇಕಾಯಿತು. ಒಳಕೋಣೆಗೆ ಹೋಗಬೇಕೆಂದರೆ ಶಾಂತವೀರಪ್ಪನವರು ಹಾಸಿನ ದಾರ ಸುತ್ತುವ ಅಡ್ಡಕಂಬದ ಅಡಿ ನುಸಿಯಬೇಕು.

ನುಸಿದು ಹೋಗಿ ಕಾಫಿ ಕಾಸಿದರು. ಎಷ್ಟಾದರೂ ಮೊದಲ ದಿನ, ನೋಡಲಾದರೂ ಬರುತ್ತಾರೆ ಎಂದು ನಾಲ್ಕು ಲೋಟಕ್ಕಾಗುವಷ್ಟು ಕಾಸಿ ಬಾಗಿಲ ಹಿಂದೆ ನಿಂತು ಕಿವಿಗೊಟ್ಟರು. ಸೂರ್ಯ ಇಳಿಯುವ ಹೊತ್ತಿಗೆ ರಸ್ತೆಯಲ್ಲಿ ಹೆಜ್ಜೆಯ ಸದ್ದಾಯಿತು. ಮೂವರೂ ಜೊತೆಯಲ್ಲೇ ಬರುತ್ತಿದ್ದರು. ಶಾಂತವೀರಪ್ಪನವರು ತಟ್ಟನೆ ಬಾಗಿಲು ತೆರೆದರು.

“ಬನ್ನಿ ಬನ್ನಿ! ಗಿಡ್ಡಮ್ಮಾ, ಭವ್ಯಾ, ನಂಜಮ್ಮನವ್ರೇ, ಕಾಫಿ ಕುಡ್ದು ಹೋಗಿ!”

ಮೂವರೂ ಗಕ್ಕನೆ ನಿಂತರು. ಭವ್ಯಾ ಉಳಿದಿಬ್ಬರ ಕೈಹಿಡಿದು ಹಿಂದಕ್ಕೆ ಎಳೆದಳು.

“ಅಯ್ಯೋ ಬೇಡಿ, ನೀವು ಕೆಲಸ ನಿಲ್ಲಿಸ್ಬೇಡಿ,” ಎಂದಳು ಗಿಡ್ಡಮ್ಮ, ಗುಡಿಯಲ್ಲಿ ಮಾತಾಡುವಷ್ಟು ಮೆಲ್ಲಗೆ. “ನಾವು ಒಳಗೆ ಬರಲ್ಲ. ಇಲ್ಲೇ ಬೇಲಿ ಹತ್ರ ನಿಂತು ಮಗ್ಗದ ಸದ್ದು ಒಂಚೂರು ಕೇಳ್ಕೊಂಡು ಹೋಗ್ತೀವಿ. ನೀವು ನೇಯಿರಿ.”

“ಒಂದ್ ಲೋಟ, ಒಂದೇ ಲೋಟ...”

“ಹೋಗಿಯಪ್ಪಾ ಒಳಗೆ, ನಮ್ಮಿಂದ ನಿಮ್ ಕೈ ಕೆಡಬಾರ್ದು,” ಎಂದರು ನಂಜಮ್ಮ.

ಶಾಂತವೀರಪ್ಪನವರು ಒಳಗೆ ಬಂದರು. ಮಗ್ಗದಲ್ಲಿ ಒಂದು ದಾರವೂ ಇರಲಿಲ್ಲ. ಉದ್ದನೆಯ ಬೆಂಚಿನಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತು, ಕೊನೆಗೆ ಬಲತುದಿಯಲ್ಲೇ ಕೂತು ಬರಿಯ ಪಟ್ಟಿ ತುಳಿದರು. ಖಾಲಿ ಮಗ್ಗ ‘ಧಡ್’ ಎಂದಿತು. ಹೊರಗೆ ಗಿಡ್ಡಮ್ಮ “ಹಾಂ, ಕೇಳ್ರೇ,” ಎಂದದ್ದು ಕೇಳಿಸಿತು. ಮತ್ತೆ ತುಳಿದರು. ತುಳಿಯುವಷ್ಟು ಹೊತ್ತು ಅವರು ಅಲ್ಲೇ ನಿಂತಿರುತ್ತಾರಲ್ಲ ಎಂಬ ಯೋಚನೆ ಬಂದದ್ದೇ ತಡ, ಎಡ, ಬಲ, ಎಡ, ಬಲ ಎಂದು ನಿಲ್ಲಿಸದೆ ತುಳಿಯತೊಡಗಿದರು. ಕಾಫಿಗೆ ಕೆನೆ ಕಟ್ಟಿತು. ಮೊಣಕಾಲು ನೋಯತೊಡಗಿತು. ಪಕ್ಕದ ಕಿಟಕಿಯಲ್ಲಿ ಬೆಳಕು ಪೂರ್ತಿ ಹೋದಮೇಲೆ ಒಂದು ಸಲ, ಒಂದೇ ಒಂದು ಸಲ, ಕಾಲು ತುಳಿಯುತ್ತಿರುವಂತೆಯೇ ಕತ್ತು ಚಾಚಿ ಬೇಲಿಯ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಯಾವಾಗ ಹೋದರೋ ಮಗ್ಗದ ಸದ್ದಿನಲ್ಲಿ ಅವರಿಗೆ ಕೇಳಿಸಿರಲಿಲ್ಲ.